ಹೆದರ್

ಹೆದರ್ (ಸಸ್ಯಶಾಸ್ತ್ರೀಯ ಹೆಸರು: ಕ್ಯಾಲುನಾ ವಲ್ಗ್ಯಾರಿಸ್) ಎರಿಕೇಸೀ ಕುಟುಂಬಕ್ಕೆ ಸೇರಿದ ನಿತ್ಯಹರಿದ್ವರ್ಣದ ಕುಳ್ಳು ಪೊದೆ. ನೀಲಗಿರಿಯ ರೋಡೋಡೆಂಡ್ರಾನ್ ಮರವೂ ಇದೇ ಕುಟುಂಬದ್ದು. ಕ್ಯಾಲುನಾ ಕುಲದಲ್ಲಿರುವುದು ಈ ಒಂದೇ ಪ್ರಭೇದ. ಯುರೋಪಿನ ಬಹುಭಾಗ ಮತ್ತು ಟರ್ಕಿ ಇದರ ಮೂಲ ನೆಲೆ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿಯೂ ಜರ್ಮನಿಯ ಲ್ಯೂನೆಬರ್ಗ್ ಬಯಲಿನಲ್ಲಿಯೂ ಇದು ಮೈಲುಗಟ್ಟಲೆ ಹರಡಿಕೊಂಡಿದೆ.

ಹೆಸರು ಮತ್ತು ಲಕ್ಷಣಗಳು

ಲಿನಿಯಸ್ 1753ರಲ್ಲಿ ಇದನ್ನು ಎರಿಕಾ ಕುಲದಲ್ಲಿ ಸೇರಿಸಿದ್ದನು. 1802ರಲ್ಲಿ ಸಾಲಿಸ್‌ಬರಿ ಎಂಬ ಸಸ್ಯವಿಜ್ಞಾನಿ ಇದನ್ನು ಪ್ರತ್ಯೇಕ ಕುಲವನ್ನಾಗಿಸಿದನು. ಕ್ಯಾಲುನಾ ಎಂಬ ಹೆಸರು ಗುಡಿಸುವುದು, ಚೊಕ್ಕಟಗೊಳಿಸುವುದು ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ಹಿಂದೆ ಇದರ ರೆಂಬೆಗಳಿಂದ ಪೊರಕೆ ಕಟ್ಟುತ್ತಿದ್ದರು. ಗಿಡ ಸಾಮಾನ್ಯವಾಗಿ 20ರಿಂದ 50 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎಲೆಗಳು ಮೀನಿನ ಹುರುಪೆಯಂತೆ ಕಿರಿದಾಗಿ, ಕಾಂಡಕ್ಕೆ ಅಂಟಿಕೊಂಡು ನಾಲ್ಕು ಸಾಲುಗಳಲ್ಲಿರುತ್ತವೆ. ಬೇಸಿಗೆಯ ಕೊನೆಯಲ್ಲಿ ಅರಳುವ ನಸುನೇರಳೆ ಹೂವಿನಲ್ಲಿ ಕಣ್ಣಿಗೆ ಬೀಳುವುದು ದಳಗಳಿಗಿಂತ ಉದ್ದವಾದ ಬಣ್ಣದ ಪುಷ್ಪಪತ್ರಗಳು. ಎರಿಕಾದಿಂದ ಇದನ್ನು ಗುರುತಿಸಲು ಇದೇ ಸುಲಭವಾದ ಉಪಾಯ. ಇದರ ಜೇನುತುಪ್ಪ ಲೋಳೆಯಂತೆ ಗಟ್ಟಿಯಾಗಿರುವುದರಿಂದ ಎರಿಗಳನ್ನು ಹಿಂಡಿ ಅಥವಾ ಕಲಕಿಯೇ ತೆಗೆಯಬೇಕಾಗುತ್ತದೆ.

ಬೇಸಾಯ

ಹೆದರ್ ಬೆಳೆಸುವಲ್ಲಿ ಮಣ್ಣೇ ಮುಖ್ಯ. ರಸಸಾರ 4.5ರಿಂದ 5.5ರಷ್ಟಿರುವ ಆಮ್ಲೀಯ, ನೀರು ಬಸಿದುಹೋಗುವ ಮಣ್ಣು ಉತ್ತಮ. ಸುಣ್ಣವಿರುವ ನೆಲದಲ್ಲಿ ಬೇರುಗಳು ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆ ಹಳದಿಯಾಗಿ ಗಿಡ ಸೊರಗುತ್ತದೆ. ಗಡಸು ನೀರನ್ನು ಹಾಕಿದರೂ ಇದೇ ಫಲ. ಆದ್ದರಿಂದ ಮಳೆನೀರು ಲೇಸು. ಬೇರುಗಳೊಂದಿಗೆ ಸಹಜೀವನ ನಡೆಸುವ ಶಿಲೀಂಧ್ರಗಳು ಬಡ ಮಣ್ಣಿನಿಂದಲೇ ಪೋಷಕಾಂಶ ಒದಗಿಸುವುದರಿಂದ ಗೊಬ್ಬರ ಹೆಚ್ಚು ಬೇಡ. ಧಾರಾಳವಾಗಿ ಗೊಬ್ಬರ ಉಂಡ ಗಿಡ ಸಡಿಲವಾಗಿ ಬೆಳೆದು ಬೇಗ ಮುಪ್ಪಾಗುತ್ತದೆ. ಪೂರ್ಣ ಬಿಸಿಲು ಬೇಕು. ಹಿಮವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಪ್ರತಿ ವರ್ಷ ವಸಂತದ ಆರಂಭದಲ್ಲಿ ಬಾಡಿದ ಹೂತೆನೆಗಳ ಕೆಳಗೆ, ಹಸಿರೆಲೆಯಿರುವ ಭಾಗದಲ್ಲೇ ಕತ್ತರಿಸಬೇಕು. ಬಲಿತ ಮರದಂತಹ ಕಾಂಡಕ್ಕೆ ಕತ್ತರಿ ಹಾಕಿದರೆ ಅದು ಮತ್ತೆ ಚಿಗುರುವುದು ಅಪರೂಪ. ತಳಿಯ ಗುಣ ಉಳಿಯಬೇಕಾದರೆ ಬೀಜಕ್ಕಿಂತ ಬೇಸಿಗೆಯ ಕೊನೆಯಲ್ಲಿ ತೆಗೆದ ಎಳೆಯ ತುದಿಗಳನ್ನು ನೆಡುವುದು ಸರಿ. ನೆಲಕ್ಕೆ ಬಾಗಿಸಿದ ರೆಂಬೆಯ ಮೇಲೆ ಮಣ್ಣು ಮುಚ್ಚಿ ಬೇರು ಬರಿಸುವುದೂ ಉಂಟು.

ಪರದೇಶದಲ್ಲಿ ಕಳೆ

ತವರಿನಲ್ಲಿ ಕುರುಚಲು ಬಯಲುಗಳ ಆಧಾರವಾಗಿರುವ ಈ ಗಿಡ ನ್ಯೂಜಿಲೆಂಡಿನಲ್ಲಿ ಪಿಡುಗಾಗಿದೆ. ಗ್ರೌಸ್ ಎಂಬ ಬೇಟೆಹಕ್ಕಿಗೆ ಆಹಾರವಾಗಲೆಂದು 1910ರ ದಶಕದಲ್ಲಿ ಜಾನ್ ಕಲೆನ್ ಎಂಬವರು ಟಾಂಗಾರಿರೋ ರಾಷ್ಟ್ರೀಯ ಉದ್ಯಾನದಲ್ಲಿ ಇದನ್ನು ಬಿತ್ತಿಸಿದರು. ಹಕ್ಕಿ ನೆಲೆಯೂರಲಿಲ್ಲ, ಗಿಡವಾದರೋ ಸ್ಥಳೀಯ ಹುಲ್ಲು, ಪೊದೆಗಳ ಜಾಗವನ್ನು ಆಕ್ರಮಿಸಿತು. ಸೂಕ್ಷ್ಮವಾದ ಬೀಜಗಳು ಮಣ್ಣಿನಲ್ಲಿ ಬಹುಕಾಲ ಜೀವಂತವಾಗಿರುವುದರಿಂದ ಕಿತ್ತುಹಾಕಿದರಷ್ಟೇ ಸಾಲದು. ಇದನ್ನು ಹತೋಟಿಗೆ ತರಲು 1996ರಿಂದ ಯುರೋಪಿನ ಹೆದರ್ ಜೀರುಂಡೆಯನ್ನು ಅಲ್ಲಿ ಬಿಡಲಾಗಿದೆ.