ದಪ್ಪ ಮಕ್ಕಳ ರಕ್ತದಲ್ಲಿ ಕೊಬ್ಬು ಎಲ್ಲಿಂದ ಬರುತ್ತದೆ?

ಕೊಣನೂರಿನ ನಮ್ಮ ದಿನಸಿ ಅಂಗಡಿಗೆ ಬರುವ ತಾಯಂದಿರು ಈಗೀಗ "ಮಗ ದಪ್ಪ ಆಗ್ತಿದ್ದಾನೆ, ಕೊಬ್ಬಿಲ್ಲದ ಎಣ್ಣೆ ಕೊಡಿ" ಎಂದು ಕೇಳುತ್ತಾರೆ. ಅಂಥ ಎಣ್ಣೆ ಯಾವುದೂ ಇಲ್ಲ. ಎಣ್ಣೆ ಎಂದರೇ ಕೊಬ್ಬು. ಹುಡುಗ ಎಣ್ಣೆಯ ಜೊತೆಗೆ ಇನ್ನೇನು ತಿನ್ನುತ್ತಾನೆ ಎಂಬುದನ್ನೂ ನೋಡಬೇಕು.

ತಿಂದ ಕೊಬ್ಬು ಜೀರ್ಣವಾಗುವಾಗ ಕೊಬ್ಬಿನಾಮ್ಲಗಳಾಗಿ ಒಡೆದು, ಮತ್ತೆ ಕೂಡಿಕೊಂಡು ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತ ಸೇರುತ್ತದೆ. ಇದು ಅರ್ಧ ಕಥೆ. ಸಕ್ಕರೆ, ಮೈದಾ, ತಂಪು ಪಾನೀಯ ಅತಿಯಾದಾಗ ಯಕೃತ್ತು ತಾನೇ ಕೊಬ್ಬು ತಯಾರಿಸುತ್ತದೆ. ಮೊದಲು ಪಾಲ್ಮಿಟಿಕ್ ಆಮ್ಲ, ಅದರಲ್ಲೊಂದು ಪಾಲು ಪಾಲ್ಮಿಟೋಲಿಯಿಕ್ ಆಮ್ಲ. ಈ ಎರಡನೆಯದು ನಮ್ಮ ಅಡುಗೆ ಎಣ್ಣೆಗಳಲ್ಲಿ ಬಹಳ ಕಡಿಮೆ. ಹಾಗಿದ್ದೂ ಬೊಜ್ಜಿರುವ ಹದಿಹರೆಯದವರ ರಕ್ತದಲ್ಲಿ ಅದು ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ಅಂದರೆ ತುಪ್ಪ ಮುಟ್ಟದ ಹುಡುಗನಿಗೂ ಬನ್, ಬಿಸ್ಕತ್ತಿನಿಂದ ಕೊಬ್ಬು ಏರಬಹುದು. (ಊರೂರಿಗೆ ಬೇಕರಿ ಕೊಂಡೊಯ್ದವರು ನಮ್ಮ ಹಾಸನ ಜಿಲ್ಲೆಯವರೇ!) ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗಳಲ್ಲೂ ಟ್ಯೂಷನ್ ದಾರಿಯಲ್ಲಿ ತಿನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಕೊಬ್ಬು ಯಕೃತ್ತಿನಲ್ಲಿ ತುಂಬಿದಂತೆ ಇನ್ಸುಲಿನ್ ಕೆಲಸ ಕುಂಠಿತವಾಗುತ್ತದೆ. ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ ಆಗುವ ಚರ್ಮ ಅದರ ಒಂದು ಗುರುತು. ಕೊಳೆ ಎಂದು ಸೋಪು ಹಾಕಿ ಉಜ್ಜುವವರೇ ಹೆಚ್ಚು. ಅದನ್ನು ವೈದ್ಯರಿಗೆ ತೋರಿಸಿ. ಹೊಕ್ಕುಳ ಮಟ್ಟದ ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಟೇಪು ಸಾಕು.

ತೆಳ್ಳಗಿರುವ ಮಕ್ಕಳ ಪೋಷಕರೂ ನಿಶ್ಚಿಂತರಾಗುವಂತಿಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ತೂಕ ಹೆಚ್ಚಿದ್ದವರು ಶೇ. 5ರಷ್ಟು, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 16. ಕೊಬ್ಬಿನಾಮ್ಲಗಳನ್ನು ಬಿಡಿಬಿಡಿಯಾಗಿ ಅಳೆಯುವ ಪರೀಕ್ಷೆ ಸಾಮಾನ್ಯ ಲ್ಯಾಬ್‌ಗಳಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಖಾಲಿ ಹೊಟ್ಟೆಯ ಲಿಪಿಡ್ ಪ್ರೊಫೈಲ್ ಮಾಡಿಸಿದರೆ ಆಯಿತು. ಈ ವಯಸ್ಸಿಗೆ ಟ್ರೈಗ್ಲಿಸರೈಡ್ 130 ಅಥವಾ ಮೇಲಿದ್ದರೆ ಹೆಚ್ಚು.

ಮೀನಿನಿಂದ ಸಿಗುವ ಒಮೆಗಾ-3 ನಮ್ಮವರಿಗೆ ಸಿಗದು. ಅಗಸೆ, ವಾಲ್‌ನಟ್‌ನಲ್ಲಿ ಅದರ ಇನ್ನೊಂದು ರೂಪವಿದೆ. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಮೀನಿನ ಬಗೆಗೆ ಬದಲಾಯಿಸಿಕೊಳ್ಳುತ್ತದೆ. ಅಗಸೆಯನ್ನು ಹುರಿದು ಪುಡಿ ಮಾಡಿಯೇ ಬಳಸಿ, ಇಡೀ ಕಾಳು ಜೀರ್ಣವಾಗದೆ ಹೋಗುತ್ತದೆ. ಹುಚ್ಚೆಳ್ಳು ಚಟ್ನಿ ರುಚಿಗೆ ಸರಿ, ಅದರಲ್ಲಿರುವುದು ಹೆಚ್ಚಾಗಿ ಒಮೆಗಾ-6.

ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಮಕ್ಕಳ ಪಾರಣೆಗೆ ಪೇಡ, ಶರಬತ್ತಿನ ಬದಲು ಹೆಸರುಬೇಳೆ, ಮಜ್ಜಿಗೆ ಕೊಡಿ. ದಪ್ಪ ಇಳಿಸಲೆಂದೇ ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬೇಡಿ.