ಮನೆಯ ಸಾಲವೂ ಗುಣೋತ್ತರ ಶ್ರೇಢಿಯೂ

ಬೆಂಗಳೂರಿನ ಗೃಹಸ್ಥರೊಬ್ಬರು 1 ಕೋಟಿ 40 ಲಕ್ಷ ರೂಪಾಯಿ ಬೆಲೆಯ ಮನೆಯೊಂದನ್ನು ಕೊಳ್ಳುವರೆಂದು ಭಾವಿಸೋಣ. ಕೈಯಲ್ಲಿರುವ 40 ಲಕ್ಷವನ್ನು ಕೊಟ್ಟು, ಉಳಿದ 1 ಕೋಟಿಯನ್ನು ವರ್ಷಕ್ಕೆ ಶೇಕಡ 9ರ ಬಡ್ಡಿಗೆ, 20 ವರ್ಷಗಳ ಅವಧಿಗೆ, ಬ್ಯಾಂಕಿನಿಂದ ಸಾಲ ಪಡೆಯುತ್ತಾರೆ. ಸಾಲ ತೀರುವವರೆಗೆ ತಿಂಗಳು ತಿಂಗಳೂ ಒಂದೇ ಮೊತ್ತದ ಕಂತನ್ನು ಕಟ್ಟಬೇಕು. ಆ ಕಂತು ಎಷ್ಟು? ಗಣಕಯಂತ್ರವು ಕ್ಷಣಮಾತ್ರದಲ್ಲಿ ಉತ್ತರವನ್ನು ಕೊಡುತ್ತದೆ, ನಿಜ. ಆದರೆ ಲೆಕ್ಕದ ತತ್ತ್ವವನ್ನು ಅರಿಯದವನು ಸಾಲದ ಸ್ವಭಾವವನ್ನೂ ಅರಿಯಲಾರ. ಇದಕ್ಕೆ ಬೇಕಾದುದು ಪ್ರೌಢಶಾಲೆಯ ಗಣಿತವಷ್ಟೆ.

ವರ್ಷಕ್ಕೆ ಶೇಕಡ 9 ಎಂದರೆ ತಿಂಗಳಿಗೆ ಶೇಕಡ 0.75. ಮೊದಲ ತಿಂಗಳ ಬಡ್ಡಿ 75,000 ರೂಪಾಯಿ. ಇಷ್ಟನ್ನೇ ಕಟ್ಟುತ್ತ ಹೋದರೆ ನೂರು ವರ್ಷಗಳಾದರೂ ಅಸಲಿನಲ್ಲಿ ಒಂದು ಪೈಸೆಯೂ ಇಳಿಯದು. ಆದ್ದರಿಂದ ಕಂತಿನಲ್ಲಿ ಬಡ್ಡಿಯ ಮೇಲೆ ಸ್ವಲ್ಪ ಹಣ ಸೇರಿರಬೇಕು. ಈ ಹಣವು ಅಸಲನ್ನು ಇಳಿಸುತ್ತದೆ. ಇಳಿದ ಅಸಲಿನ ಬಡ್ಡಿ ಮುಂದಿನ ತಿಂಗಳು ಉಳಿಯುತ್ತದೆ. ಕಂತು ಬದಲಾಗದುದರಿಂದ ಆ ಉಳಿತಾಯವೂ ಅಸಲಿಗೇ ಸಲ್ಲುತ್ತದೆ. ಹೀಗೆ ಅಸಲಿಗೆ ಸಲ್ಲುವ ಭಾಗವು ಪ್ರತಿ ತಿಂಗಳೂ ಹಿಂದಿನ ತಿಂಗಳಿನದರ 1.0075 ಪಟ್ಟಾಗುತ್ತದೆ. ಇದೇ ಗುಣೋತ್ತರ ಶ್ರೇಢಿ. ಇದರ 240 ಪದಗಳ ಮೊತ್ತ 1 ಕೋಟಿ ಆಗಬೇಕು.

ಶ್ರೇಢಿಯ ಮೊತ್ತದ ಸೂತ್ರದಿಂದ ಸುಲಭವಾದ ನಿಯಮವೊಂದು ದೊರೆಯುತ್ತದೆ. 240 ತಿಂಗಳುಗಳಲ್ಲಿ ಒಂದು ರೂಪಾಯಿ ಚಕ್ರಬಡ್ಡಿಯಿಂದ ಎಷ್ಟು ರೂಪಾಯಿ ಆಗುವುದೋ ನೋಡಿ; ಅದರಲ್ಲಿ 1ನ್ನು ಕಳೆದು, ಉಳಿದುದರಿಂದ ಮೊದಲ ತಿಂಗಳ ಬಡ್ಡಿಯನ್ನು ಭಾಗಿಸಿ. ಇಲ್ಲಿ ಒಂದು ರೂಪಾಯಿ 6.009 ಆಗುತ್ತದೆ. 75,000ವನ್ನು 5.009ರಿಂದ ಭಾಗಿಸಿದರೆ 14,973. ಕಂತು 89,973 ರೂಪಾಯಿ.

ಬಾಯಿಲೆಕ್ಕದಲ್ಲಿಯೂ ಇದನ್ನು ಅಂದಾಜು ಮಾಡಬಹುದು. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸುಮಾರಾಗಿ ದೊರೆಯುತ್ತವೆ. ನಮ್ಮ ದರಕ್ಕೆ ಅದು 8 ವರ್ಷ. 20 ವರ್ಷಗಳಲ್ಲಿ ಎರಡೂವರೆ ಸಲ ಇಮ್ಮಡಿ, ಅಂದರೆ 5.66 ಪಟ್ಟು. ಈ ಸಂಖ್ಯೆಯಿಂದ ಕಂತು ಸುಮಾರು 91,000 ಎಂದು ಬರುತ್ತದೆ. ತಪ್ಪು ನೂರಕ್ಕೆ ಒಂದರಷ್ಟು ಮಾತ್ರ.

ಈಗ ಸಾಲದ ಸ್ವಭಾವವನ್ನು ನೋಡೋಣ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ತೀರಿರುವ ಅಸಲು 29 ಲಕ್ಷ ಮಾತ್ರ! ಅರ್ಧ ಅಸಲು ತೀರಲು 14 ವರ್ಷಗಳು ಬೇಕು. ಒಟ್ಟು ತೆರುವ ಬಡ್ಡಿ ಸುಮಾರು 1 ಕೋಟಿ 16 ಲಕ್ಷ. ಅವಧಿಯನ್ನು 30 ವರ್ಷಕ್ಕೆ ಏರಿಸಿದರೆ ಕಂತು 80,462ಕ್ಕೆ ಇಳಿಯುತ್ತದೆ; ಆದರೆ ತಿಂಗಳಿಗೆ 9,500 ರೂಪಾಯಿಯ ಈ ಹಗುರಕ್ಕೆ ತೆರುವ ಹೆಚ್ಚಿನ ಬಡ್ಡಿ ಸುಮಾರು 74 ಲಕ್ಷ.

ಬಡ್ಡಿಯ ದರವೂ ಸ್ಥಿರವಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡ 4ರಿಂದ 6.5ಕ್ಕೆ ಏರಿಸಿತು, ಗೃಹಸಾಲಗಳ ದರವೂ ಅದರೊಡನೆ ಏರಿತು. ನಮ್ಮ ಗೃಹಸ್ಥರು ಸಾಲ ಪಡೆದೊಡನೆಯೇ ದರ 10.8ಕ್ಕೆ ಏರಿತೆನ್ನಿ. ಆಗ ತಿಂಗಳ ಬಡ್ಡಿಯೇ 90,000. ಹಳೆಯ ಕಂತು ಅದಕ್ಕೂ ಸಾಲದು. ಕಂತನ್ನು ಏರಿಸದಿದ್ದರೆ ಸಾಲವು ಕರಗುವ ಬದಲು ಬೆಳೆಯುತ್ತದೆ. ದರ ಬದಲಾದಾಗ ಕಂತನ್ನು ಹೆಚ್ಚಿಸಬೇಕೇ, ಅವಧಿಯನ್ನು ಹೆಚ್ಚಿಸಬೇಕೇ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸೂಚಿಸಿತು. ಆದರೆ ಲೆಕ್ಕ ಬಲ್ಲವರಿಗೆ ಮಾತ್ರ ಆ ಆಯ್ಕೆಯಿಂದ ಪ್ರಯೋಜನ.

ನಿಮ್ಮ ಮನೆಯಲ್ಲಿ ಹಿರಿಯರು ಇಂಥ ಸಾಲಪತ್ರಕ್ಕೆ ರುಜು ಹಾಕುವ ಸಂದರ್ಭ ಬಂದರೆ, ಒಂದು ಹಾಳೆ ಕಾಗದ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತು ಈ ಲೆಕ್ಕವನ್ನು ಮಾಡಿ ತೋರಿಸಿರಿ.