ಈಸೂರಿನಿಂದ ಸೆಂಟ್ರಲ್ ಜೈಲಿಗೆ: ಶಿಕಾರಿಪುರ–ಸೊರಬ ಸೀಮೆಯ ವಿದ್ಯಾರ್ಥಿಗಳ ಅಧ್ಯಯನ ಪ್ರವಾಸಕ್ಕೊಂದು ಕ್ರಮ

1. ವಿಷಯ ಪ್ರವೇಶ

ಸ್ವಾತಂತ್ರ್ಯ ಸಂಗ್ರಾಮಕ್ಕೆ ಸಂಬಂಧಿಸಿದ ಸ್ಥಳಗಳನ್ನು ನೋಡಲೆಂದು ಹಳ್ಳಿಯ ಕಡೆಯಿಂದ ನಗರಕ್ಕೆ ಹೊರಡುವ ವಿದ್ಯಾರ್ಥಿಗಳು, ನೋಡತಕ್ಕದ್ದೆಲ್ಲವೂ ನಗರದಲ್ಲಿಯೇ ಇದೆಯೆಂಬ ಭಾವನೆಯಿಂದ ಹೊರಡುವುದು ವಾಡಿಕೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಟ್ಟಿಗೆ ಈ ಭಾವನೆ ಸರಿಯಲ್ಲವೆಂಬುದನ್ನು ತೋರಿಸಿ, ಪ್ರವಾಸವನ್ನು ಯಾವ ಕ್ರಮದಲ್ಲಿ ಏರ್ಪಡಿಸಿದರೆ ಅದು ಅಧ್ಯಯನವೆನಿಸಿಕೊಂಡೀತು ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿರುವ ನಗರದ ಸ್ಥಳ ಬೆಂಗಳೂರಿನ ಫ್ರೀಡಂ ಪಾರ್ಕ್. ಗಾಂಧಿನಗರಕ್ಕೆ ಸಮೀಪದಲ್ಲಿ, ಶೇಷಾದ್ರಿ ರಸ್ತೆಯ ಬದಿಯಲ್ಲಿರುವ ಈ ಆವರಣ ಹಿಂದೆ ಮೈಸೂರು ಸಂಸ್ಥಾನದ ಸೆಂಟ್ರಲ್ ಜೈಲಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಆ ಸೆರೆಮನೆ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಮೇಲೆ, 2008ರಲ್ಲಿ ಹಳೆಯ ಆವರಣವನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ನಡುವಿನ ಕಾವಲು ಗೋಪುರವನ್ನೂ ಕೆಲವು ಬ್ಯಾರಕ್ಕುಗಳನ್ನೂ ಕೆಡವದೆ ಉಳಿಸಿಕೊಂಡಿದ್ದಾರೆ. ಗೋಪುರದ ಬುಡದಲ್ಲಿ ನಿಂತು ಸುತ್ತಲೂ ನೋಡಿದರೆ, ಒಬ್ಬ ಕಾವಲುಗಾರನ ಕಣ್ಣಿಗೆ ನೂರಾರು ಮಂದಿಯನ್ನು ಒಳಪಡಿಸುವುದೇ ಆ ಕಟ್ಟಡದ ಉದ್ದೇಶವಾಗಿತ್ತೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಆದರೆ ಅಲ್ಲಿಗೆ ಯಾರು, ಎಲ್ಲಿಂದ, ಏತಕ್ಕಾಗಿ ಬಂದರೆಂಬುದನ್ನು ಕಲ್ಲುಗೋಡೆ ತಾನಾಗಿ ಹೇಳಲಾರದು. ಅದನ್ನು ನೋಡುವವರೇ ತಿಳಿದುಕೊಂಡು ಹೋಗಬೇಕು.

2. ಈಸೂರಿನ ಪ್ರಕರಣ

ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಚಳವಳಿಯಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಗ್ರಾಮ. ಅದೇ ವರ್ಷ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಸಮಿತಿಯು ‘ಭಾರತ ಬಿಟ್ಟು ತೊಲಗಿ’ ನಿರ್ಣಯವನ್ನು ಅಂಗೀಕರಿಸಿತು. ಮರುದಿನವೇ ನಾಯಕರ ಬಂಧನವಾಯಿತು. ಹಿರಿಯರೆಲ್ಲ ಸೆರೆಯಲ್ಲಿದ್ದ ಆ ದಿನಗಳಲ್ಲಿ ಚಳವಳಿಯ ಹೊಣೆ ಊರೂರಿನ ಜನರ ಮೇಲೆಯೇ ಬಿದ್ದಿತು. ಈಸೂರಿನವರು ಕಂದಾಯ ಕೊಡುವುದಿಲ್ಲವೆಂದರು. ಪಟೇಲ ಶಾನುಭೋಗರಿಂದ ದಫ್ತರವನ್ನು ಕಿತ್ತುಕೊಂಡರು. ವೀರಭದ್ರ ದೇವಾಲಯದ ಮೇಲೆ ತ್ರಿವರ್ಣಧ್ವಜವನ್ನು ಏರಿಸಿದರು. ಊರಿನ ಬಾಲಕರನ್ನೇ ಅಮಲ್ದಾರನೆಂದೂ ಸಬ್‌ಇನ್‌ಸ್ಪೆಕ್ಟರನೆಂದೂ ನೇಮಿಸಿಕೊಂಡರು. ಅಪ್ರಾಪ್ತ ವಯಸ್ಸಿನವರಿಗೆ ಕಾನೂನಿನಂತೆ ಕಠಿಣ ಶಿಕ್ಷೆ ಕೊಡಲು ಬಾರದೆಂಬ ಲೆಕ್ಕಾಚಾರ ಇದರ ಹಿಂದೆ ಇದ್ದಿತೆಂದು ಹೇಳುವುದುಂಟು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಈ ಪ್ರಕರಣದೊಡನೆ ಬೆಸೆದುಕೊಂಡು ಇಂದಿಗೂ ಜನರ ನಾಲಗೆಯ ಮೇಲಿದೆ.

ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಪೊಲೀಸರೊಡನೆ ಊರಿಗೆ ಬಂದಾಗ ಘರ್ಷಣೆ ನಡೆದು, ಆ ಇಬ್ಬರು ಅಧಿಕಾರಿಗಳೂ ಹತರಾದರು. ಬಳಿಕ ಸೈನ್ಯ ಊರನ್ನು ಹೊಕ್ಕಿತು. ಮನೆಗಳು ಸುಲಿಗೆಗೂ ಬೆಂಕಿಗೂ ಈಡಾದವು; ಹೆಂಗಸರು ಮಕ್ಕಳೆನ್ನದೆ ಜನ ಕಾಡು ಸೇರಿದರು. ವಿಚಾರಣೆಯ ಅನಂತರ ಹಲವರಿಗೆ ದೀರ್ಘಕಾಲದ ಸೆರೆವಾಸ ವಿಧಿಸಲ್ಪಟ್ಟಿತು. ಅವರಲ್ಲಿ ಮಹಿಳೆಯರೂ ಇದ್ದರು. ಕೆ. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ 8, 9 ಮತ್ತು 10ನೆಯ ತಾರೀಖುಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಈ ಕಾರಣದಿಂದ ಇಂದಿನ ಫ್ರೀಡಂ ಪಾರ್ಕ್ ಶಿಕಾರಿಪುರ ಸೀಮೆಯವರಿಗೆ ಕೇವಲ ಒಂದು ಪ್ರೇಕ್ಷಣೀಯ ಸ್ಥಳವಲ್ಲ. ತಮ್ಮವರು ಕೊನೆಯುಸಿರೆಳೆದ ಸ್ಥಳ.

3. ವೀರಗಲ್ಲು ಮತ್ತು ಸೆರೆಮನೆ

ಈ ಸೀಮೆಯ ವಿದ್ಯಾರ್ಥಿಗೆ ಸ್ಮಾರಕವನ್ನು ಓದುವ ವಿದ್ಯೆ ಹೊಸದಾಗಿ ಬರಬೇಕಾದುದಲ್ಲ. ಶಿಕಾರಿಪುರದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ ಸೊರಬದವು 8ನೆಯ ಸಂಪುಟದಲ್ಲಿಯೂ ಮೊದಲಿಗೆ ಅಚ್ಚಾದವು. ಅವುಗಳಲ್ಲಿ ವೀರಗಲ್ಲುಗಳ ಸಂಖ್ಯೆ ಗಣನೀಯವಾದುದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಜೊತೆಗೆ ಅವನ ಹೆಸರು, ಆಳುತ್ತಿದ್ದ ಅರಸು, ತುರುಗೊಳ್ ಅಥವಾ ಊರಳಿವು ಮುಂತಾದ ಕಾರಣ. ಯಾರು, ಯಾರ ಕಾಲದಲ್ಲಿ, ಏತಕ್ಕಾಗಿ ಸತ್ತರೆಂಬ ಮೂರು ಪ್ರಶ್ನೆಗಳಿಗೂ ಅಂತಹ ಕಲ್ಲು ಒಂದೇ ಕಡೆ ಉತ್ತರ ಕೊಡುತ್ತದೆ.

ಈಸೂರಿನ ವಿಚಾರದಲ್ಲಿ ಹಾಗಿಲ್ಲ. ಕಾರಣ ಹುಟ್ಟಿದ್ದು ಊರಿನಲ್ಲಿ. ಸಾವು ಸಂಭವಿಸಿದ್ದು ಸುಮಾರು 300 ಕಿಲೋಮೀಟರ್ ಆಚೆ. ದಾಖಲೆ ಉಳಿದದ್ದು ಸರ್ಕಾರದ ಕಡತಗಳಲ್ಲಿ. ಹುತಾತ್ಮರ ಸ್ಮಾರಕ ಈಸೂರಿನಲ್ಲಿದೆ, ಸೆರೆಮನೆಯ ಗೋಡೆ ಬೆಂಗಳೂರಿನಲ್ಲಿದೆ. ಹೀಗೆ ಚದುರಿಹೋಗಿರುವ ಪಟ್ಟಿಕೆಗಳನ್ನು ಒಂದೇ ಕಲ್ಲಿನಲ್ಲಿರುವಂತೆ ಜೋಡಿಸಿ ಓದುವುದೇ ಈ ಪ್ರವಾಸದ ಮುಖ್ಯ ಕೆಲಸ.

4. ಪ್ರವಾಸದ ಕ್ರಮ

ಮೊದಲನೆಯದಾಗಿ, ನಗರಕ್ಕೆ ಹೊರಡುವ ಒಂದು ತಿಂಗಳ ಮುಂಚೆಯೇ ಒಂದು ಪೂರ್ಣ ದಿನವನ್ನು ಈಸೂರಿಗೆ ಮೀಸಲಿಡತಕ್ಕದ್ದು. ದೇವಾಲಯ, ಊರ ಬಾಗಿಲು, ಸ್ಮಾರಕ ಇವುಗಳನ್ನು ಕಾಲ್ನಡಿಗೆಯಲ್ಲಿ ನೋಡಿ, ಕೈಬರಹದ ನಕ್ಷೆಯೊಂದನ್ನು ಬರೆದುಕೊಳ್ಳಬೇಕು. 1942ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಇದ್ದರೆ ತೊಂಬತ್ತನ್ನು ದಾಟಿರುತ್ತಾರೆ. ಆದುದರಿಂದ ಹೆಚ್ಚಾಗಿ ದೊರೆಯುವುದು ಕಂಡವರ ಮಾತಲ್ಲ, ಕಂಡವರಿಂದ ಕೇಳಿದವರ ಮಾತು. ಅಂತಹ ಮಾತನ್ನು ಬರೆದುಕೊಳ್ಳುವಾಗ ಹೇಳಿದವರು ಅದನ್ನು ಯಾರಿಂದ ಕೇಳಿದರೆಂಬುದನ್ನೂ ಬರೆದಿಡುವುದು ಅವಶ್ಯಕ. ಮನೆಯವರ ಒಪ್ಪಿಗೆಯಿಲ್ಲದೆ ಏನನ್ನೂ ಬರೆದುಕೊಳ್ಳಲಾಗದು.

ಎರಡನೆಯದಾಗಿ, ಸೊರಬದ ಕಡೆಯವರು ತಮ್ಮ ಪಶ್ಚಿಮದ ಗಡಿಯನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕು. ಸೊರಬಕ್ಕೆ ಹತ್ತಿಕೊಂಡಿರುವ ಸಿದ್ದಾಪುರ ತಾಲ್ಲೂಕು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ನೇರವಾಗಿ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತ್ತು. 1930ರ ದಶಕದ ಮೊದಲಲ್ಲಿ ಅಲ್ಲಿ ಕರನಿರಾಕರಣೆ ನಡೆದು ರೈತರ ಜಮೀನುಗಳು ಜಪ್ತಿಯಾದವು. 1932ರಲ್ಲಿ ಮಾವಿನಗುಂಡಿಯಲ್ಲಿ ಮಹಿಳೆಯರು ಉಪವಾಸ ಸತ್ಯಾಗ್ರಹ ಹೂಡಿದರು. ಒಂದೇ ನುಡಿಯ, ಒಂದೇ ಬಗೆಯ ಬೇಸಾಯದ ಜನ ಗಡಿಯ ಎರಡು ಕಡೆಗಳಲ್ಲಿ ಎರಡು ಸರ್ಕಾರಗಳನ್ನು ಎದುರಿಸಿದರು. ಆ ಗಡಿ ಅಳಿಸಿದ್ದು 1956ರ ನವೆಂಬರ್ 1ರಂದು.

ಮೂರನೆಯದಾಗಿ, ಪ್ರಯಾಣ. ಸೊರಬದಿಂದ ಶಿರಾಳಕೊಪ್ಪ, ಶಿಕಾರಿಪುರಗಳ ಮೇಲೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು ಸೇರಬಹುದು. ಫ್ರೀಡಂ ಪಾರ್ಕ್ ಮೆಜೆಸ್ಟಿಕ್ಕಿನಿಂದ ನಡೆದುಹೋಗುವಷ್ಟು ದೂರದಲ್ಲಿದೆ. ನಗರದ ಮತಪ್ರದರ್ಶನಗಳಿಗೂ ಧರಣಿಗಳಿಗೂ ಈಗ ಗೊತ್ತುಪಡಿಸಿರುವ ಸ್ಥಳವೂ ಅದೇ ಆಗಿರುವುದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಆದರೂ ಅಂದು ಧರಣಿಯೊಂದು ನಡೆಯುತ್ತಿದ್ದರೆ ಅದನ್ನು ಅಡಚಣೆಯೆಂದು ಎಣಿಸಬೇಕಾದುದಿಲ್ಲ. ಹಿಂದೆ ಪ್ರತಿಭಟಿಸಿದವರನ್ನು ಕೂಡಿಹಾಕುತ್ತಿದ್ದ ಆವರಣದಲ್ಲಿಯೇ ಇಂದು ಪ್ರತಿಭಟನೆಗೆ ಅನುಮತಿ ದೊರೆಯುತ್ತಿದೆಯೆಂಬುದೂ, ಅದು ಅಲ್ಲಿಗೆ ಮಾತ್ರ ಸೀಮಿತವಾಗಿದೆಯೆಂಬುದೂ ಚರ್ಚೆಗೆ ತಕ್ಕ ವಿಷಯಗಳು.

ನಾಲ್ಕನೆಯದಾಗಿ, ಆವರಣದ ಒಳಗೆ ಕನಿಷ್ಠ ಎರಡು ಗಂಟೆಗಳ ಕಾಲ ಇರತಕ್ಕದ್ದು. ಗೋಪುರದಿಂದ ಬ್ಯಾರಕ್ಕಿಗೆ ಎಷ್ಟು ಹೆಜ್ಜೆ, ಬೆಳಕು ಎಲ್ಲಿಂದ ಬರುತ್ತದೆ, ಕೋಣೆಯೊಳಗಿದ್ದವನಿಗೆ ಏನು ಕಾಣುತ್ತಿತ್ತು ಎಂಬುದನ್ನು ಅಳೆದು ಬರೆದುಕೊಳ್ಳಬೇಕು. ಈಸೂರಿನಲ್ಲಿ ಬರೆದ ನಕ್ಷೆಯನ್ನು ಇಲ್ಲಿ ತೆರೆದಿಟ್ಟು, ಐವರ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಉಚಿತ. ಸಂಶೋಧನಾಸಕ್ತರು ಮರುದಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಅನುಮತಿ ಪಡೆದು, ಸರ್ಕಾರಿ ಕಡತಗಳ ಭಾಷೆ ಎಂತಹದೆಂಬುದನ್ನು ಪ್ರತ್ಯಕ್ಷವಾಗಿ ನೋಡಬಹುದು. ಊರಿನವರು ‘ನಮ್ಮ ಸರ್ಕಾರ’ ಎಂದುದು ಆಡಳಿತದ ಕಣ್ಣಿಗೆ ದಂಗೆ; ಈ ಎರಡು ಪದಗಳ ನಡುವಣ ಅಂತರವನ್ನು ಮನಗಾಣುವುದೇ ಇತಿಹಾಸ ವಿದ್ಯಾರ್ಥಿಯ ಮೊದಲ ಪಾಠ.

5. ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಈ ಪ್ರವಾಸದಲ್ಲಿ ತಪ್ಪಿಸಿಕೊಳ್ಳಬಾರದ ಮೂರು ಕಠಿಣ ಪ್ರಶ್ನೆಗಳುಂಟು. ಒಂದು, ಈಸೂರಿನಲ್ಲಿ ಹತರಾದ ಇಬ್ಬರು ಅಧಿಕಾರಿಗಳು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನದ ನೌಕರರು. ಅವರಿಗೂ ಮನೆಮಂದಿ ಇದ್ದರು. ಗಲ್ಲಿಗೇರಿದವರ ತ್ಯಾಗವನ್ನು ಗೌರವಿಸುವುದಕ್ಕಾಗಿ ಈ ಎರಡು ಸಾವುಗಳನ್ನು ಮರೆಮಾಡಬೇಕಾಗಿಲ್ಲ. ಅಹಿಂಸೆಯ ಚಳವಳಿಯೊಂದು ಈ ತಿರುವನ್ನು ಏಕೆ ಪಡೆಯಿತೆಂದು ವಿಚಾರಿಸಲೇಬೇಕು.

ಎರಡು, ಅರಸನ ಆಳ್ವಿಕೆಯಲ್ಲಿದ್ದ ಪ್ರಜೆಗಳಿಗೆ ಸ್ವಾತಂತ್ರ್ಯವೆಂದರೇನು? 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯನ್ನು ಹೂಡಬೇಕಾಯಿತು. ಕೆ. ಚೆಂಗಲರಾಯರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡದ್ದು ಅಕ್ಟೋಬರ್ ಕೊನೆಯಲ್ಲಿ.

ಮೂರು, ಸ್ವಾತಂತ್ರ್ಯ ಬಂದ ಮೇಲೆ ಈ ಸೆರೆಮನೆ ಏನಾಯಿತು? 1975ರ ತುರ್ತುಪರಿಸ್ಥಿತಿಯಲ್ಲಿ ಇದೇ ಜೈಲಿನಲ್ಲಿ ಅಟಲ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದ ವಿರೋಧಪಕ್ಷಗಳ ನಾಯಕರಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಇಲ್ಲಿ ಹಲವು ತಿಂಗಳು ಸೆರೆಯಲ್ಲಿದ್ದು, ಆಸ್ತಮಾದಿಂದ ಬಳಲಿ, ಹೊರಬಂದ ಸ್ವಲ್ಪ ಕಾಲದಲ್ಲಿಯೇ 1977ರ ಜನವರಿಯಲ್ಲಿ ತೀರಿಕೊಂಡರು. ಪರರ ಸರ್ಕಾರ ಹೋಗಿ ನಮ್ಮದೇ ಸರ್ಕಾರ ಬಂದುದರಿಂದಲೇ ಸೆರೆಮನೆಯ ಬಾಗಿಲು ತೆರೆದುಕೊಳ್ಳಲಿಲ್ಲವೆಂಬುದನ್ನು ಈ ಗೋಡೆಗಳು ಜ್ಞಾಪಿಸುತ್ತವೆ.

6. ಉಪಸಂಹಾರ

ಮೇಲಿನ ಕ್ರಮದಲ್ಲಿ ಹಣದ ಖರ್ಚು ಹೆಚ್ಚಲ್ಲ, ಬೇಕಾದುದು ಪೂರ್ವಸಿದ್ಧತೆ. ಪ್ರವಾಸ ಮುಗಿದ ಮೇಲೆ ವಿದ್ಯಾರ್ಥಿಗಳು ಬರೆದ ವರದಿಯ ಒಂದು ಪ್ರತಿಯನ್ನು ವಿಭಾಗದಲ್ಲಿಯೂ ಇನ್ನೊಂದನ್ನು ಈಸೂರಿನ ಶಾಲೆಯಲ್ಲಿಯೂ ಇಡತಕ್ಕದ್ದು. ಊರಿನಿಂದ ಕೇಳಿ ತಂದುದನ್ನು ಊರಿಗೆ ಹಿಂದಿರುಗಿಸುವುದು ಋಣಸಂದಾಯ ಮಾತ್ರವಲ್ಲ. ಕೇಳಿದವರ ಮಾತು ಕೂಡ ಇನ್ನೊಂದು ತಲೆಮಾರಿನಲ್ಲಿ ಮರೆಯಾಗುವ ಸಂಭವವಿರುವುದರಿಂದ, ಮುಂದೆ ಬರುವ ವಿದ್ಯಾರ್ಥಿಗಳಿಗೆ ಆ ಬರಹವೇ ಆಧಾರವಾಗಬೇಕಾದೀತು.